ದಿಲ್ಲಿ ಜೋಕಿಗೆ ನಗ್ತೀವಿ, ಸಾಹುಕಾರ್ರ ಜೋಕಿಗೆ ಕೆಮ್ಮತೀವಿ

ಚುರಮರಿ ಪೊಟ್ಣಾ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರೀ. ಭಾಳ ದಿನದಿಂದ ತಲ್ಯಾಗ ಕೊರಿಯಾಕತ್ತಿತ್ತು, ಇವತ್ತ ಬರದ ಬಿಡ್ತೀನಿ.

ನಾ ಹಗಲೆಲ್ಲಾ ಒಂದ ಹಾರ್ಡ್‌ವೇರ್ ಅಂಗಡ್ಯಾಗ ಜಿಎಸ್‌ಟಿ ಲೆಕ್ಕ ಬರೀತೀನಿ. ಸಂಜಿ ಆತಂದ್ರ ಕಾಮಿಡಿ. ಸ್ಟ್ಯಾಂಡಪ್ ಅಂದ್ರ ಏನಂತ ನಮ್ಮವ್ವಗ ಇನ್ನೂ ತಿಳಿದಿಲ್ಲ. "ನಿಂತ ಮಾತಾಡಾಕ ರೊಕ್ಕ ಕೊಡ್ತಾರಂದ್ರ, ನಿಮ್ಮಪ್ಪ ಕಟ್ಟಿ ಮ್ಯಾಲ ಕುಂತ ಇಷ್ಟ ವರ್ಷ ಪುಕ್ಕಟೆ ಮಾತಾಡ್ಯಾನಲ್ಲೋ" ಅಂತಾಳ.

ಹೋದ ಗಣಪತಿ ಹಬ್ಬದಾಗ ಒಂದ ತಾಲೂಕ ಊರಾಗ ಕರದಿದ್ರು. ಊರ ಹೆಸರ ಬ್ಯಾಡ. ಆರ್ಕೆಸ್ಟ್ರಾದವರು ಬಟ್ಟಿ ಬದಲಿ ಮಾಡಿ ಬರೂತನಕ ಹದಿನೈದ ನಿಮಿಷ ನಂದು. ಮೊದಲ ದಿಲ್ಲಿ ಜೋಕ್ ಹೇಳಿದೆ, ನಕ್ರು. ಬೆಂಗಳೂರ ಗುಂಡಿ ಜೋಕ್ ಹೇಳಿದೆ, ಇನ್ನೂ ನಕ್ರು. ಆಮ್ಯಾಲ ಸುವರ್ಣಸೌಧ: "ವರ್ಷಕ್ಕೊಮ್ಮೆ ಅಳಿಯ ಬರ್ತಾನಂತ ಸಾಲಾ ಮಾಡಿ ಸಾಗವಾನಿ ಮಂಚ ಮಾಡಿಸಿದ್ವಿ. ಅಂವ ಡಿಸೆಂಬರ್‌ದಾಗ ಹತ್ತ ದಿನ ಬರ್ತಾನ. ಬಂದವನ ಬೀಗರ ಕೂಡ ಜಗಳಾಡಿ ಎದ್ದ ಹೋಗ್ತಾನ. ಉಳಿದ ದಿನ ನಾವು ಅದರ ಮ್ಯಾಲ ಕೂಡಂಗಿಲ್ಲ, ಧೂಳಷ್ಟ ಕೂಡ್ತೈತಿ." ಸೀಟಿ ಬಿದ್ದೂವ್ರಿ! ನನಗೂ ಹುಮ್ಮಸ್ ಬಂತು. ಸಕ್ಕರಿ ಕಾರ್ಖಾನ್ಯಾಗ ಕಬ್ಬ ತೂಗೂ ಯಂತ್ರಕ್ಕ ನಾವು ಕಾಟಾ ಅಂತೀವಿ, ಆ ಕಾಟಾ ಜೋಕ್ ತಗದೆ:

"ನನ್ನ ಹೇಣ್ತಿ ತೂಕಾ ಇಳಸ್ಬೇಕಂತ ತಿಂಗಳಿಗೆ ಸಾವಿರದೈನೂರ ಕೊಟ್ಟ ಜಿಮ್ಮಿಗೆ ಹೋಗ್ತಾಳ. ನಾ ಅಂದೆ, ಹುಚ್ಚಿ, ಸಕ್ಕರಿ ಕಾರ್ಖಾನಿ ಕಾಟಾದ ಮ್ಯಾಲ ನಿಂತ ಬಾ. ಹತ್ತ ಕಿಲೋ ಅಲ್ಲೇ ಇಳಿತೈತಿ."

ಮುಂದಿನ ಸಾಲಿನ್ಯಾಗ ಬಿಳೇ ಅಂಗಿಯವರು ಕುಂತಿದ್ರು. ಅದರಾಗ ಒಬ್ಬಾಂವ ಕೆಮ್ಮಿದ. ಎರಡನೇ ಸಾಲ ಕೆಮ್ಮಿತು. ಹಂಗ ಹಿಂದಕ, ಹಿಂದಕ, ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲ ಕುಂತ ಹುಡುಗೂರ ತನಕಾ ಹೋತು ಆ ಕೆಮ್ಮು. ಕಬ್ಬ ಬೆಳಿಯೂ ಮಂದೀನ ಅವರು! ಆ ಕಾಟಾದ ಸುದ್ದಿ ನನಗಿಂತ ಅವರಿಗೇ ಗೊತ್ತು. ಮುಂದ ನಾ ಏನ ಮಾತಾಡಿದ್ರೂ ಬಾವ್ಯಾಗಿಂದ ಬಂದಂಗ ಕೇಳಾಕತ್ತು, ನನ್ನ ಮಾತ ನನಗ ತಿಳೀವಲ್ದು. ಅಷ್ಟರಾಗ ಆರ್ಕೆಸ್ಟ್ರಾದವರು ಬ್ಯಾಂಜೋ ಎತ್ತಿಬಿಟ್ರು. ಪಾಕೀಟಿನ್ಯಾಗ ಒಪ್ಪಿದ್ದರ ಅರ್ಧಾ ಇತ್ತು.

ಸಿಟ್ಟಿಲೆ ಬರಿಯಾಕತ್ತಿಲ್ರಿ. ಮನಿಗೆ ಬಂದ ರಾತ್ರಿ ಮೊಬೈಲ್‌ನಾಗ ಒಂದ ಕ್ಲಿಪ್ ಬಂತು. ನಾ ಓಟ ಹಾಕೂ ಪಾರ್ಟಿ ಮುಖಂಡರ ಮ್ಯಾಲ ಒಬ್ಬಾಂವ ಜೋಕ್ ಮಾಡಿದ್ದ. ಚಲೋನ ಇತ್ತು ಜೋಕ್. ನಾ ನಗಲಿಲ್ಲ. "ಇಂವಗ ಯಾರೋ ರೊಕ್ಕ ಕೊಟ್ಟಾರ" ಅಂದಕೊಂಡೆ. ಆ ಬಿಳೇ ಅಂಗಿಯವರಿಗೂ ನನಗೂ ಏನ ಫರಕ?

ಅದಕ್ಕ ಕೇಳಾಕತ್ತೀನಿ. ನಿಮಗ ಎಂಥಾ ರಾಜಕೀಯ ಕಾಮಿಡಿ ಸೇರ್ತೈತಿ? "ಎಲ್ಲಾ ಸೇರ್ತಾವು" ಅನಬ್ಯಾಡ್ರಿ. ಎಲ್ಲಿ ಕೆಮ್ಮತೀರಿ ಅದನ್ನೂ ಹೇಳ್ರಿ.


ಮುಳುಗಡೆ ಮನಿ (ನವನಗರ, ಬಾಗಲಕೋಟೆ)

ಅಣ್ಣಾರ, ನಿಮ್ಮ ಅಳಿಯಾನ ಮಂಚ ಚಲೋ ಐತಿ.

ನನ್ನ ರುಚಿ ಹೇಳ್ತೀನಿ. ಹೇಳಾಂವಗ ಅದರ ಬಿಸಿ ತಾಕಿರಬೇಕು. ಬೆಂಗಳೂರಿಂದ ಒಬ್ಬಾಂವ ಬಂದ ನಮ್ಮ ಮುಂದ "ನಿಮ್ಮ ಊರ ಸೆಕ್ಟರ್ ನಂಬರ್ ನೋಡಿದ್ರ ಚಂಡೀಗಢ ಅನಸ್ತೈತಿ" ಅಂತ ನಗಸಾಕ ನೋಡಿದ. ನಗಿ ಬರಲಿಲ್ಲ. ನಮ್ಮ ಹಳೇ ಬಾಗಲಕೋಟಿ ಓಣಿ ಹೆಸರ ನೀರಾಗ ಹೋಗಿ ನಂಬರ್ ಉಳದಾವು, ಅದು ಅಂವಗೇನ ಗೊತ್ತು?

ಆದ್ರ ನಮ್ಮ ಕಾಕಾ ಹೇಳಿದ್ರ ಬ್ಯಾರೆ. ಅವನ ಮನೀನೂ ಹೋಗೇತಿ, ಹೊಲಾನೂ ಹೋಗೇತಿ. ಆಲಮಟ್ಟಿ ಆಣೆಕಟ್ಟಿನ ನೀರ ಈಗ 519.60 ಮೀಟರಿಗೆ ನಿಂತೈತಿ. ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಾಗ 524.256ಕ್ಕ ಹೂಂ ಅಂತು. ಅಲ್ಲಿಂದ ಎಲ್ಲಾ ಪಾರ್ಟಿಯವರೂ ಬಂದ ಕೃಷ್ಣೆಗೆ ಬಾಗಿನ ಬಿಟ್ಟ ಹೋದ್ರು, ಎತ್ತರ ಮಾತ್ರ ಕಾಗದದಾಗ ಐತಿ. ಕಾಕಾ ಅಂತಾನ: "ತಮ್ಮಾ, ಆ ಪಾಯಿಂಟ್ ಎರಡನೂರಾ ಐವತ್ತಾರ ಯಾಕ ಇಟ್ಟಾರ ಗೊತ್ತೇನ? ಪಾಯಿಂಟಿನ ಹಿಂದಿಂದು ನೀರಿಗೆ, ಪಾಯಿಂಟಿನ ಮುಂದಿನ ಪೈಸೆ ನಮ್ಮ ಪರಿಹಾರಕ್ಕ."

ಇದನ್ನ ಅಂವ ಪರಿಹಾರದ ಕಚೇರ್ಯಾಗ ಪಾಳಿ ಹಚ್ಚಿ ನಿಂತಾಗ ಹೇಳಿದ್ದು. ಪಾಳಿಯೆಲ್ಲಾ ನಕ್ತು. ಒಳಗ ಕುಂತ ಕ್ಲಾರ್ಕನೂ ನಕ್ಕ. ನಕ್ಕ "ನಾಳೆ ಬರ್ರಿ" ಅಂದ.


ಕಟ್ಟರ್ ಕಾರ್ಯಕರ್ತ (ವಿಜಯಪುರ)

ಯಾವ ಪಾರ್ಟಿ ಅಂತ ಹೇಳೂದಿಲ್ಲ. ಬಾವುಟ ಕಟ್ಟಾಂವ ನಾನು, ಬೂತ್‌ನಾಗ ಕೂಡಾಂವ ನಾನು. ನನಗ ಈ ಸ್ಟ್ಯಾಂಡಪ್ ಮಂದಿ ಮ್ಯಾಲ ಸಿಟ್ಟೈತಿ, ಕಾರಣಾನೂ ಐತಿ.

ಅವರು ಜೋಕ್ ಹೇಳೂದಿಲ್ರೀ, ಭಾಷಣಾ ಮಾಡ್ತಾರ. ಲಕ್ಷ್ಯ ಕೊಟ್ಟ ಕೇಳ್ರಿ. ಭಾಳ ವಿಡಿಯೋದಾಗ ಮಂದಿ ನಗೂದಿಲ್ಲ, ಚಪ್ಪಾಳಿ ಹೊಡಿತಾರ. ನಗಿ ತಾನ ಬರೂದು, ಚಪ್ಪಾಳಿ ವಿಚಾರ ಮಾಡಿ ಹೊಡಿಯೂದು. "ಹೌದು, ನಾನೂ ನಿಮ್ಮ ಕಡೀನ" ಅಂತ ಹೇಳಾಕ ಹೊಡಿಯೂದು. ಅಂಥಾ ಚಪ್ಪಾಳಿ ನಮ್ಮ ಸಾಹೇಬರ ಸಭಾದಾಗೂ ಬೀಳ್ತಾವು, ಅಲ್ಲಿ ಊಟಾನಾದ್ರೂ ಸಿಗ್ತೈತಿ. ಇವರದಕ್ಕ ಟಿಕೀಟ ತಗೀಬೇಕು.

ಇನ್ನೊಂದು, ಒಂದ ಪಾರ್ಟೀನ ಹಿಡದ ಬಡಿಯೂದು. ಇಬ್ಬರಿಗೂ ಹೊಡಿ, ನಾ ಟಿಕೀಟ ತಗೀತೀನಿ.

ಹಂಗಂತ ನನಗ ನಗಿ ಗೊತ್ತಿಲ್ಲ ಅನಬ್ಯಾಡ್ರಿ. ನಂದೊಂದು ಕೇಳ್ರಿ. ನಮ್ಮ ಪಾರ್ಟಿ ಹುಡುಗನ್ನ ಗೋಳಗುಮ್ಮಟಕ್ಕ ಕರಕೊಂಡ ಹೋದೆ. ಪಿಸುಗುಟ್ಟೂ ಗ್ಯಾಲರ್‍ಯಾಗ ನಿಂತ ಸಾಹೇಬರ ಹೆಸರಿಲೆ ಜೈ ಅಂದ. ಏಳ ಸಲ ತಿರುಗಿ ಬಂತು. ಹುಡುಗ ಮಾರಿ ಸಣ್ಣ ಮಾಡಿ ಅಂದ: "ಬರೇ ಏಳ? ಅಣ್ಣಾ, ನಾ ಒಂದ ಮೆಸೇಜ್ ಹದಿನಾಲ್ಕ ಗ್ರೂಪಿಗೆ ಹಾಕ್ತೀನಿ."


ಇಳಕಲ್ ಸೆರಗು (ಬಾಗಲಕೋಟೆ ಜಿಲ್ಲಾ)

ಕಾರ್ಯಕರ್ತ ಅಣ್ಣಾರ, ನಿಮ್ಮ ಪಾರ್ಟಿಯವರು ನಿಮ್ಮನ್ನ ಬಿಟ್ರ ಸ್ಟೇಜಿಗೆ ಬರ್ರಿ. ಖರೇನ ಹೇಳಾಕತ್ತೀನಿ.

ಚುರಮರಿ ತಮ್ಮಾ, ನಿಂದಕ್ಕ ಬರ್ತೀನಿ. ಆ ಕಾಟಾ ಜೋಕಿನ್ಯಾಗ ಹೇಣ್ತಿ ಯಾಕ ಬಂದಳಪಾ? ಹೊಡತ ಕಾರ್ಖಾನಿಗೆ ಬೀಳ್ಬೇಕಾಗಿತ್ತು. ನೀ ಮೊದಲ ಅಕೀಗೆ ಒಂದ ಹೊಡದ, ಆಮ್ಯಾಲ ಕಾರ್ಖಾನಿಗೆ ಹೋದಿ. ಮುಂದ ಕುಂತ ಬಿಳೇ ಅಂಗಿಯವರಿಗೆ ಕೆಮ್ಮಾಕ ಪುರುಸೊತ್ತ ಸಿಕ್ಕಿದ್ದು ಅಲ್ಲೇ. ಹೆಣ್ಣಮಕ್ಕಳ ಕಡೆ ನೋಡಿದ್ದೇನು? ಅವರು ಕೆಮ್ಮಿದ್ದು ಬ್ಯಾರೆ ಕಾರಣಕ್ಕಿರಬಹುದು.

ನಾ ಯಾವುದಕ್ಕ ನಗ್ತೀನಿ, ಯಾವುದಕ್ಕ ನಗೂದಿಲ್ಲ ಅಂತ ಕೇಳಿದಿ. ಒಂದ ಫೋಟೋ ಸಾಕು ಹೇಳಾಕ. 2022ರಾಗ ಸುವರ್ಣಸೌಧದ ಮುಂದ ಒಬ್ಬಾಕಿ ಕೂಲಿ ಹೆಣ್ಣಮಗಳು ಶಾವಿಗಿ ಒಣಗಹಾಕಿದ್ದು ನೆನಪೈತಿಲ್ಲ? ಮೊಬೈಲ್‌ನಾಗ ರಾಜ್ಯಕ್ಕೆಲ್ಲಾ ಹರಿದಾಡಿತು. ನಮ್ಮ ಸ್ಟಾಫ್ ರೂಮಿನ್ಯಾಗ ಆ ಫೋಟೋ ಮ್ಯಾಲ ಎರಡ ಜೋಕ್ ಹುಟ್ಟಿದ್ವು. ಒಬ್ಬರು ಸರ್ ಅಂದ್ರು: "ನಮ್ಮ ಮಂದೀಗೆ ತಾಜಮಹಾಲ ಕೊಟ್ರೂ ಹಪ್ಪಳಾ ಒಣಗಹಾಕ್ತಾರ." ಗಂಡಸರೆಲ್ಲಾ ನಕ್ರು. ಮೂಲ್ಯಾಗ ಕುಂತಿದ್ದ ಬಿಸಿಯೂಟದ ಅಕ್ಕಾ ಕಾಯಿಪಲ್ಯಾ ಹೆಚ್ಚಾಕತ್ತಿದ್ಲು, ತಲಿ ಎತ್ತದ ಅಂದ್ಲು: "ಕಟ್ಟಿ ಹತ್ತ ವರ್ಷ ಆತ್ರಿ ಸರ. ಅಲ್ಲಿಂದ ಬಡವರ ಹೊಟ್ಟಿಗೆ ಏನರೆ ತಯಾರಾಗಿದ್ದು ಅದ ಮೊದಲ."

ಒಂದ ಫೋಟೋ. ಸರ್ ನೋಡಿದ್ದು ಅಕೀನ್ನ, ಅಕ್ಕಾ ನೋಡಿದ್ದು ಕಟ್ಟಡಾನ. ನನಗ ಅಕ್ಕಾಂದ ಸೇರ್ತೈತಿ. ಸರ್ ಜೋಕಿಗೆ ನಾನೂ ಒಂದ ಕ್ಷಣ ಮುಗುಳ್ನಕ್ಕಿದ್ದೆ, ಅದನ್ನೂ ಹೇಳಿಬಿಡ್ತೀನಿ.


ನಿವೃತ್ತ ಮಾಸ್ತರ (ವಿಜಯಪುರ)

ಅಕ್ಕಾರು ಹೇಳಿದ ಅಡುಗೆ ಮನೆಯ ಹೆಣ್ಣುಮಗಳಿಗೆ ನನ್ನ ಶರಣು.

ನೀವು ಹುಡುಗರು ಸ್ಟ್ಯಾಂಡಪ್ ಎಂದು ಹೊಸ ಹೆಸರಿಟ್ಟಿದ್ದೀರಿ. ನಮ್ಮ ಕಡೆ ಇದು ಹೊಸ ಕಸುಬಲ್ಲ. ಗೀಗೀ ಹಾಡಿನ ಮೇಳದಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಎದುರಾಳಿ ಪಂಗಡದವರು ರಾತ್ರಿಯಿಡೀ ಒಬ್ಬರ ಮಾತನ್ನು ಒಬ್ಬರು ಕತ್ತರಿಸುವುದನ್ನು ಕೇಳಿದವನಿಗೆ ಟೀವಿ ಚರ್ಚೆ ಸಪ್ಪೆ. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ರಾಮದುರ್ಗ ಸೀಮೆಯ ಹುಲಕುಂದದ ಕವಿಗಳು ಬ್ರಿಟಿಷರ ಮೇಲೆ ಗೀಗೀ ಪದ ಕಟ್ಟಿ ಹಾಡಿಸಿದರು. ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಂತೂ ದೂತಿ ಸಾಕ್ಷಾತ್ ಕೃಷ್ಣ ಪರಮಾತ್ಮನಿಗೇ ಎದುರುತ್ತರ ಕೊಡುತ್ತಾಳೆ, ನೋಡುವ ಮಂದಿ ಕೈಮುಗಿದೇ ನಗುತ್ತಾರೆ. ದೇವರಿಗೆ ಇರುವ ತಾಳ್ಮೆ ಜಿಲ್ಲಾ ಪಂಚಾಯ್ತಿ ಸದಸ್ಯನಿಗೆ ಇಲ್ಲ, ಏನು ಮಾಡೋಣ.

ಇನ್ನು ನನ್ನ ರುಚಿ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವನ್ನು ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಬೇರೆ ನಾಟಕ. ಕಥೆ ಅದೇ, ಆದರೆ ಆ ವಾರದ ಸುದ್ದಿ ಮಾತಿನ ಮಧ್ಯೆ ಬಂದು ಕೂತುಬಿಡುತ್ತಿತ್ತು. ಮುಂದಿನ ಸಾಲಿನಲ್ಲಿ ಅಧಿಕಾರದಲ್ಲಿದ್ದವರು ಇದ್ದರೆ ಅವರಿಗೆ ಇನ್ನೂ ಹುರುಪು. 2019ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಅವರ ಮಾತಿಗೆ ಬೈಸಿಕೊಂಡ ಪಕ್ಷದವರೆಲ್ಲ ಕಂಬನಿ ಮಿಡಿದರು. ಅವರು ಇದ್ದಿದ್ದರೆ ಅದರ ಮೇಲೂ ಹತ್ತು ನಿಮಿಷ ಮಾತಾಡುತ್ತಿದ್ದರು.

ಒಂದು ತಕರಾರೂ ಇದೆ. ಬಾದಾಮಿ ಬನಶಂಕರಿ ಜಾತ್ರೆಗೆ ನಾನು ಪ್ರತಿವರ್ಷ ಹೋಗುತ್ತೇನೆ. ಬನದ ಹುಣ್ಣಿಮೆ ಮುಗಿದು ವಾರಗಳೇ ಕಳೆದರೂ ನಾಟಕ ಕಂಪನಿಗಳ ಟೆಂಟು ಇಳಿಯುವುದಿಲ್ಲ. ಮೊದಲು ಅಲ್ಲಿ ಹಾಸ್ಯ ಪಾತ್ರದವನು ಶಾನುಭೋಗನನ್ನು, ಪೊಲೀಸ್ ಪಾಟೀಲನನ್ನು ಹಿಡಿದು ಆಡಿಸುತ್ತಿದ್ದ. ಈಗ ಎರಡರ್ಥದ ಮಾತಿಗೆ ಇಳಿದಿದ್ದಾನೆ. ಕೇಳಿದರೆ, "ಮಾಸ್ತರ್ರ, ಈ ಮಾತಿಗೆ ಯಾರೂ ಕೇಸ್ ಹಾಕೂದಿಲ್ರಿ" ಎಂದ. ಅವನು ನಗುತ್ತಲೇ ಹೇಳಿದ. ಬಸ್ಸಿನಲ್ಲಿ ಕೂತ ಮೇಲೆ ನನಗೆ ನಗು ಬರಲಿಲ್ಲ.


ತಿಳಕವಾಡಿ ಹುಡುಗ (ಬೆಳಗಾವಿ)

ನಮ್ಮ ಮನ್ಯಾಗ ಮರಾಠಿ, ಸಾಳ್ಯಾಗ ಕನ್ನಡ, ಬೈಗಳಾ ಎರಡರಾಗೂ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ಮರಾಠಿ ಹಾಸ್ಯ ಸಾಹಿತಿ ಪು. ಲ. ದೇಶಪಾಂಡೆ ನಮ್ಮ ಊರಾಗ ಮಾಸ್ತರಿಕಿ ಮಾಡಿದವರು, ಆರ್‌ಪಿಡಿ ಕಾಲೇಜಿನ್ಯಾಗ. ಅವರು ಬರದ ರಾವಸಾಹೇಬ ಬೆಳಗಾವದಾಂವ. ಕನ್ನಡ ಮರಾಠಿ ಕಲಸಿ, ಬೈಗಳಾ ಒಗ್ಗರಣಿ ಹಾಕಿ ಮಾತಾಡಾಂವ. ನಮ್ಮ ಅಜ್ಜಾ ಅದರ ಕ್ಯಾಸೆಟ್ ಹಚ್ಚಿ ನಗತಿದ್ದ. ಗಡಿ ವಿಚಾರದಾಗ ಮಾತ್ರ ಅಜ್ಜಾನ ಮುಂದ ಯಾರೂ ನಗೂ ಹಂಗಿರಲಿಲ್ಲ.

ನಂದೊಂದು ಐದ ನಿಮಿಷದ್ದು ಐತಿ, ನವೆಂಬರ್ ಒಂದರ ಮ್ಯಾಲ. ನಮ್ಮ ಮನ್ಯಾಗ ಅವತ್ತ ಒಬ್ಬಾಂವ ಹಳದಿ ಕೆಂಪ ಶಾಲ ಹಾಕ್ಕೊಂಡ ಚನ್ನಮ್ಮ ಸರ್ಕಲ್ಲಿಗೆ ಹೋಗ್ತಾನ, ಇನ್ನೊಬ್ಬಾಂವ ಕರೇ ಪಟ್ಟಿ ಕಟ್ಟಿಕೊಂಡ ಸೈಕಲ್ ಫೇರಿಗೆ ಹೋಗ್ತಾನ. ಇಬ್ಬರ ಬಟ್ಟೀನೂ ಹಿಂದಿನ ದಿನ ಇಸ್ತ್ರಿ ಮಾಡಾಕಿ ನಮ್ಮವ್ವ. ಮಧ್ಯಾಹ್ನ ಇಬ್ಬರೂ ಹಸದ ಬರ್ತಾರ. ಅವ್ವ ಇಬ್ಬರಿಗೂ ಒಂದ ಬೋಗಣಿಯಿಂದ ಝುಣಕಾ ಬಡಸ್ತಾಳ, ಬಡಸಿ ಕೇಳ್ತಾಳ: "ಇದು ಯಾವ ರಾಜ್ಯದ್ದು, ಲಗೂ ಹೇಳ್ರಿ. ಹೇಳಿದಾಂವಗ ರೊಟ್ಟಿ ಹಾಕೂದಿಲ್ಲ."

ಇದನ್ನ ಕನ್ನಡದಾಗ ಹೇಳಿದ್ರ ಕನ್ನಡದವರು ಕರೇ ಪಟ್ಟಿಗೆ ಭಾಳ ನಗ್ತಾರ. ಮರಾಠ್ಯಾಗ ಹೇಳಿದ್ರ ಅವರು ಶಾಲಿಗೆ ನಗ್ತಾರ. ಎರಡೂ ಮಂದಿ ಅವ್ವನ ಸಾಲಿಗೆ ಬಂದಾಗ ಸುಮ್ಮನಾಗ್ತಾರ. ಸುಮ್ಮನಾಗಿ ಆಮ್ಯಾಲ ನಗ್ತಾರ. ಆ ಸುಮ್ಮನಾಗೂ ಅರ್ಧ ಸೆಕೆಂಡ್ ಐತಲ್ಲ, ನಾ ಸ್ಟೇಜ್ ಹತ್ತೂದು ಅದಕ್ಕ.

ಎಲ್ಲಿ ಕೆಮ್ಮತೀನಿ ಅಂದ್ರ, ನನಗ ಜಾಗಾ ಕೊಟ್ಟವರು ಸುರಕ್ಷಿತ ಇರಬೇಕು ಅನ್ನೂದು ಬಂದಾಗ. 2025ರ ಮಾರ್ಚ್‌ದಾಗ ಮುಂಬೈದಾಗ ಏನಾತು ನೋಡಿದ್ವಲ್ಲ. ಕಾಮಿಡಿಯನ್ ಕುಣಾಲ್ ಕಾಮ್ರಾ ಒಬ್ಬ ಉಪಮುಖ್ಯಮಂತ್ರಿ ಮ್ಯಾಲ ಹೆಸರ ಹೇಳದ ಒಂದ ಹಾಡ ಕಟ್ಟಿದ. ಅಂವ ಹಾಡಿದ್ದ ಖಾರ್‌ನಾಗಿನ ಸ್ಟುಡಿಯೋದ ಖುರ್ಚಿ ಆ ಮುಖಂಡರ ಕಡಿಯವರು ಮುರದ್ರು. ಮರುದಿನ ಪಾಲಿಕೆಯವರು ಸುತ್ತಿಗಿ ಹಿಡಕೊಂಡ ಬಂದ್ರು. ಹಾಡಿದಾಂವ ಒಬ್ಬ, ಖುರ್ಚಿ ಇನ್ನೊಬ್ಬಂದು. ಬೆಳಗಾವದಾಗ ನನಗ ಹಾಲ್ ಕೊಡೂ ಕಾಕಾನ ಖುರ್ಚಿ ಲೆಕ್ಕಾ ಹಾಕೇ ನಾ ಜೋಕ್ ಬರೀತೀನಿ.


ಕಟ್ಟರ್ ಕಾರ್ಯಕರ್ತ

ಕಾಮ್ರಾ ಒಂದ ಕಡಿಯವರಿಗೇ ಹೊಡಿತಾನ, ಅದನ್ನೂ ಬರೀರಿ. ಆದ್ರ ಖುರ್ಚಿ ಮುರಿಯೂದು ತಪ್ಪು. ಖುರ್ಚಿ ಹಾಕೂ ಕೆಲಸಾ ಎಷ್ಟೈತಿ ಅಂತ ನನಗ ಗೊತ್ತು.


ವಕೀಲ್ರು ಬರ್ತಾರ (ಬೆಳಗಾವಿ)

ಯಾರೂ ಕರೆದಿಲ್ಲ, ಆದರೂ ಬಂದೆ.

"ಒಂದು ಪಾರ್ಟಿಗೆ ಮಾತ್ರ" ಅನ್ನುವ ದೂರು ಕಾಮಿಡಿಯವರ ಮೇಲಿರಬಹುದು, ಕೇಸು ಹಾಕುವವರ ಮೇಲೆ ಹಾಕಲಾಗದು. ಆ ವಿಷಯದಲ್ಲಿ ಎಲ್ಲ ಪಕ್ಷಗಳೂ ಸರ್ವಧರ್ಮ ಸಮಭಾವದವರು. ಬಂಗಾಳದಲ್ಲಿ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರರು 2012ರಲ್ಲಿ ಮುಖ್ಯಮಂತ್ರಿಯ ಮೇಲಿನ ಒಂದು ವ್ಯಂಗ್ಯಚಿತ್ರವನ್ನು ಈಮೇಲ್‌ನಲ್ಲಿ ಮುಂದೆ ಕಳಿಸಿದ್ದಕ್ಕೆ ಬಂಧನವಾಯಿತು. ಪೂರ್ತಿ ಬಿಡುಗಡೆಯಾಗಿದ್ದು 2023ರಲ್ಲಿ. ಕಾಮಿಡಿಯನ್ ಮುನವ್ವರ್ ಫಾರೂಕಿಯನ್ನು 2021ರ ಜನವರಿ ಒಂದರಂದು ಇಂದೋರ್‌ನಲ್ಲಿ ಹಿಡಿದರು, ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿದ್ದು ಫೆಬ್ರವರಿ ಐದಕ್ಕೆ. ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೂ ಅವನ ಶೋ ರದ್ದಾಯಿತು, ಪೊಲೀಸರ ಪತ್ರದ ಮೇಲೆ.

ಕಾನೂನು ಏನನ್ನುತ್ತದೆ? ಗುಂಪುಗಳ ನಡುವೆ ದ್ವೇಷ ಹಚ್ಚುವುದಕ್ಕಿದ್ದ ಹಳೆಯ ದಂಡ ಸಂಹಿತೆಯ 153ಎ ಈಗ ನ್ಯಾಯ ಸಂಹಿತೆಯ 196, ಧಾರ್ಮಿಕ ಭಾವನೆ ಕೆರಳಿಸುವುದಕ್ಕಿದ್ದ 295ಎ ಈಗ 299, ಮಾನಹಾನಿ 356. ನಂಬರು ಬದಲಾದವು, ಹೆದರಿಕೆ ಅದೇ. ಆದರೆ ಗದ್ದಲವಾಗುತ್ತದೆ ಎಂಬ ನೆಪ ಹೇಳಿ ಸರ್ಕಾರ ಕೈಚೆಲ್ಲುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. 2019ರಲ್ಲಿ ಬಂಗಾಳದ ಒಂದು ವಿಡಂಬನೆಯ ಸಿನಿಮಾವನ್ನು ಥಿಯೇಟರಿನಿಂದ ಇಳಿಸಿದ್ದಕ್ಕೆ ಸರ್ಕಾರ 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. 2025ರ ಮಾರ್ಚ್‌ನಲ್ಲಿ ಒಂದು ಕವಿತೆಯ ಕೇಸು ರದ್ದು ಮಾಡುವಾಗ ಸ್ಟ್ಯಾಂಡಪ್ ಕಾಮಿಡಿಯ ಹೆಸರನ್ನೂ ಎತ್ತಿ ಅದರ ಪರ ಮಾತಾಡಿತು.

ಅಂದರೆ ಕಟ್ಟಕಡೆಗೆ ಗೆಲ್ಲುತ್ತೀರಿ. ಅಷ್ಟರಲ್ಲಿ ಎಷ್ಟು ತಾರೀಖು, ನನ್ನ ಫೀಸು ಎಷ್ಟು, ಅದು ಬೇರೆ ಮಾತು. ಚುರಮರಿ ಅವರ ಕಾಟಾ ಜೋಕಿನಲ್ಲಿ ಕಾರ್ಖಾನೆಯ ಹೆಸರಿಲ್ಲ. ಹೆಸರಿಲ್ಲದ ಜೋಕಿಗೆ ಯಾರಾದರೂ "ಇದು ನನ್ನ ಕಾಟಾ" ಎಂದು ಕೋರ್ಟಿಗೆ ಬಂದರೆ ನಾನು ಪುಕ್ಕಟೆ ವಕಾಲತ್ತು ಹಾಕುತ್ತೇನೆ, ಆ ದೃಶ್ಯ ನೋಡುವ ಸುಖಕ್ಕೆ.


ಬೆಂಗ್ಳೂರಿಗೆ ಹೋದಾಂವ (ಮೂಲ ಜಮಖಂಡಿ)

ಇಲ್ಲಿ ಬೆಂಗ್ಳೂರಾಗ ವಾರಕ್ಕೊಂದ ಓಪನ್ ಮೈಕ್ ಇರ್ತಾವು, ಕನ್ನಡದಾಗೂ. ಹುಡುಗೂರು ಚಲೋ ಮಾಡ್ತಾರ. ಆದ್ರ ಟ್ರಾಫಿಕ್, ಹಾಸ್ಟೆಲ್, ಹೆಣ್ಣ ನೋಡಾಕ ಹೋಗಿದ್ದು, ಕೂದಲಾ ಉದರಿದ್ದು. ರಾಜಕೀಯ ಬಂದ್ರ ಇಂಗ್ಲಿಷ್‌ಗೆ ಜಿಗಿತಾರ. ಒಬ್ಬನ್ನ ಕೇಳಿದೆ, ಯಾಕ್ ಮಾರಾಯ? "ಇಂಗ್ಲಿಷ್‌ನಾಗ ಹೇಳಿದ್ರ ಕಾರ್ಪೊರೇಟರ್‌ಗೆ ತಿಳಿಯೂದಿಲ್ಲ" ಅಂದ. ಇದನ್ನ ಸ್ಟೇಜ್ ಮ್ಯಾಲ ಹೇಳಿದ್ರ ಅವನ ಎಲ್ಲಾ ಜೋಕಿಗಿಂತ ಇದ ಚಲೋ ಇತ್ತು.

ನನ್ನ ದೇವರು ಅಂದ್ರ ಅಮೆರಿಕಾದ ಕಾಮಿಡಿಯನ್ ಮಾರ್ಟ್ ಸಾಲ್. ಅಲ್ಲಿಯವನ ಜಾರ್ಜ್ ಕಾರ್ಲಿನ್ ಅಂತಾರ ಎಲ್ಲಾರೂ. ದೊಡ್ಡಾಂವ, ಇಲ್ಲ ಅನ್ನೂದಿಲ್ಲ, ಕಡೀಕಡೀಗೆ ನನಗ ಅಂವ ಮಠದ ಆಶೀರ್ವಚನದಂಗ ಕೇಳ್ತಾನ. ಸಾಲ್ ಹಂಗಲ್ಲ. 1953ರಾಗ ಸ್ಯಾನ್ ಫ್ರಾನ್ಸಿಸ್ಕೋದಾಗ ಶುರು ಮಾಡಿದ, ಸ್ವೆಟರ್ ಹಾಕ್ಕೊಂಡ, ಕೈಯಾಗ ಅವತ್ತಿನ ಪೇಪರ್ ಹಿಡಕೊಂಡ ಬರತಿದ್ದ. ಮಾಸ್ತರ್ರು ಹೇಳಿದ ಹಿರಣ್ಣಯ್ಯನವರ ವಾರದ ಸುದ್ದಿ, ಅದ ಇದು. 1960ರ ಚುನಾವಣ್ಯಾಗ ಕೆನಡಿಗೆ ಜೋಕ್ ಬರದ ಕೊಟ್ಟಾಂವ ಇಂವನ. ಕೆನಡಿ ಗೆದ್ದ. ಮರುದಿನದಿಂದ ಕೆನಡಿ ಮ್ಯಾಲ ಶುರು ಹಚ್ಚಿದ. ಅಲ್ಲೀತನಕ ನಕ್ಕ ಮಂದಿಗೇ ಸಿಟ್ಟ ಬಂತು, ಶೋ ಕಡಿಮಿ ಆದ್ವು.

ಕಾರ್ಯಕರ್ತ ಅಣ್ಣಾ "ಇಬ್ಬರಿಗೂ ಹೊಡಿ" ಅಂದ್ರು. ನನಗ ಅದು ಪೂರಾ ಒಪ್ಪಿಗಿ ಇಲ್ಲ. ಒಬ್ಬಾಂವ ಕುರ್ಚಿ ಮ್ಯಾಲ ಇರ್ತಾನ, ಒಬ್ಬಾಂವ ಕುರ್ಚಿ ಹುಡುಕಾಕತ್ತಿರ್ತಾನ. ಇಬ್ಬರಿಗೂ ತೂಕಾ ಹಾಕಿ ಸಮ ಹೊಡದ್ರ ಅದು ಕಾಮಿಡಿ ಅಲ್ಲ, ರೇಷನ್. ಕುರ್ಚಿ ಬದಲಾದಾಗ ಬಾಯಿ ಬದಲಾಗಬಾರದು, ನನಗ ಅಷ್ಟ ಸಾಕು.


ಕಟ್ಟರ್ ಕಾರ್ಯಕರ್ತ

ರೇಷನ್ ಅಂದಿದ್ದು ನಕ್ಕೆ. ಒಪ್ಪಲಿಲ್ಲ.


ಇಳಕಲ್ ಸೆರಗು

ಜಮಖಂಡಿ ತಮ್ಮಾ, ದೂರದರ್ಶನದಾಗ 1989ರಾಗ ಜಸ್ಪಾಲ್ ಭಟ್ಟಿ ಅವರ 'ಫ್ಲಾಪ್ ಶೋ' ಬರತಿತ್ತು. ನಮ್ಮ ಓಣ್ಯಾಗ ಒಂದ ಟೀವಿ, ಹಿಂದಿ ಯಾರಿಗೂ ನೆಟ್ಟಗ ಬರತಿರಲಿಲ್ಲ. ಆದ್ರೂ ಟೆಲಿಫೋನ್ ಇಲಾಖೆ ಎಪಿಸೋಡಿಗೆ ನಮ್ಮಪ್ಪ ಬಿದ್ದ ಬಿದ್ದ ನಕ್ಕಿದ್ರು. ಯಾಕಂದ್ರ ಅವರು ಫೋನಿಗೆ ಅರ್ಜಿ ಹಾಕಿ ವರ್ಷಗಟ್ಲೆ ಆಗಿತ್ತು. ಭಟ್ಟಿ ಯಾವ ಮಂತ್ರಿ ಹೆಸರೂ ಹೇಳತಿರಲಿಲ್ಲ, ಸಣ್ಣ ಕಚೇರಿ, ಸಣ್ಣ ಸಾಹೇಬ, ಸಣ್ಣ ಲಂಚ. ನನಗ ಈಗಿನ ಕಾಮಿಡಿಯೊಳಗ ಕಮ್ಮಿ ಅನಸೂದು ಆ ಸಣ್ಣ ಸಾಹೇಬ. ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಗೀತು. ತಲಾಠಿ ಎಲ್ಲಿ? ಜೆಸ್ಕಾಂ ಹೆಸ್ಕಾಂ ಲೈನ್‌ಮನ್ ಎಲ್ಲಿ?


ಹಲೋ ಮೈಕ್ ಟೆಸ್ಟಿಂಗ್ (ಬೆಳಗಾವಿ ಜಿಲ್ಲಾ)

ಎರಡ ದಿನದಿಂದ ಓದಾಕತ್ತೀನಿ, ಬರೀಬೇಕೋ ಬ್ಯಾಡೋ ಅಂತ. ಬರೀತೀನಿ.

ನಂದು ಮೈಕ್ ಸೆಟ್ ಧಂಧೆ. ಅಪ್ಪಂದ ಭೋಂಗಾ ಇತ್ತು, ಈಗ ನಂದ ಹನ್ನೆರಡ ಬಾಕ್ಸ್, ಒಂದ ಮಿಕ್ಸರ್, ಒಂದ ಜನರೇಟರ್. ಜಾತ್ರಿ, ಗಣಪತಿ, ಲಗ್ನ, ರಾಜಕೀಯ ಸಭಾ ಎಲ್ಲಾ ಮಾಡೀನಿ. ಹಾಸ್ಯ ಕಾರ್ಯಕ್ರಮಾನೂ ಭಾಳ ಮಾಡೀನಿ.

ಚುರಮರಿ ಅಣ್ಣಾರ, ನಿಮ್ಮ ಆ ಊರಿಂದು ನಾ ಮಾಡಿದ್ದಲ್ಲ. ಆದ್ರ ನಿಮಗ ಏನ ಮಾಡ್ಯಾರಂತ ನನಗ ಗೊತ್ತು. ಬಾವ್ಯಾಗಿಂದ ಬಂದಂಗ ಕೇಳಿತು ಅಂದ್ರಲ್ಲ? ಅದು ಎಕೋ. ಮೈಕ್ ಬಂದ್ ಮಾಡಿದ್ರ ಮಂದೀಗೆ ತಿಳಿತೈತಿ, ಒದರ್ತಾರ, ನಾಳೆ ಮೊಬೈಲ್‌ನಾಗ ಬರ್ತೈತಿ. ಅದಕ್ಕ ಬಂದ್ ಮಾಡೂದಿಲ್ಲ. ಮಂಡಳದ ಹುಡುಗ ಸ್ಟೇಜಿನ ಬಾಜೂ ನಿಂತ ಕಿವಿ ಮುಟ್ಟಿಕೋತಾನ. ನಾ ಎಕೋ ಗುಂಡಿ ತಿರುವ್ತೀನಿ, ಒಂದ ಸಲ ಗಂಟಿ ಬಾರಿಸಿದಷ್ಟ ಹೊತ್ತಿನ್ಯಾಗ. ಮಾತಿನ ಮ್ಯಾಲ ಮಾತ ಬಿದ್ದ ಗೊಜ್ಜಾಗ್ತೈತಿ. ಮಂದಿ "ಸೌಂಡ್ ಸರಿ ಇಲ್ಲ" ಅಂತಾರ, ಬೈಗಳಾ ನನಗ ಬೀಳ್ತೈತಿ. ಬೈಗಳದ ರೊಕ್ಕ ಬಾಡಿಗ್ಯಾಗ ಕೂಡಸೇ ಹೇಳಿರ್ತೀನಿ.

ಹಿಂಗ ಎಷ್ಟ ಸಲ ಮಾಡಿದಿ ಅಂದ್ರ ಕೈಬೆರಳಾಗ ಎಣಸಬಹುದು. ಯಾಕಂದ್ರ ನಮ್ಮ ಕಡೆ ಬರೂ ಹಾಸ್ಯದವರು ಅಲ್ಲೀತನಕ ಹೋಗೂದ ಇಲ್ಲ. ಗಾಡಿ ಇಳದ ಕೂಡ್ಲೇ ಮಂಡಳದವರಿಗೆ ಕೇಳ್ತಾರ, "ಮುಂದ ಯಾರ್‍ಯಾರ ಬರ್ತಾರ್ರಿ?" ಹೆಸರ ಕೇಳಿ ಹಾಳಿ ಮ್ಯಾಲ ಗೆರಿ ಹೊಡಿತಾರ. ನಾ ಗುಂಡಿ ತಿರುವೂ ಮೊದಲ ಅವರ ತಿರುವಿರ್ತಾರ.

ನನ್ನ ರುಚಿ ಕೇಳಿದ್ರ, ನಾ ಮಂದಿ ಮಾರಿ ನೋಡ್ತೀನಿ. ಸ್ಟೇಜ್ ನೋಡೂದಿಲ್ಲ, ನನ್ನ ಬಾಕ್ಸ್ ಇರೂದ ಅತ್ತಾಗ. ದಿಲ್ಲಿ ಜೋಕಿಗೆ ಮಂದಿ ಬಾಯಿ ತಗದ ನಗ್ತಾರ. ಊರ ಸಾಹುಕಾರ್ರ ಜೋಕಿಗೆ ಮೊದಲ ಬಾಜೂಕಿನವನ ಮಾರಿ ನೋಡ್ತಾರ. ಅಂವ ನಕ್ರ ಇಂವ ನಗ್ತಾನ. ಅಂವ ಇವನ್ನ ನೋಡಾಕತ್ತಿರ್ತಾನ. ನೀವು ಕೆಮ್ಮ ಅಂದ್ರಿ. ನಾ ಕಂಡಂಗ ಅದು ಸಿಟ್ಟಿಂದಲ್ಲ. ಕಬ್ಬ ಇನ್ನೂ ಹೊಲದಾಗ ನಿಂತಿರ್ತೈತಿ, ಕಡಿಯೂ ಟೋಳಿ ಯಾವಾಗ ಕಳಸ್ಬೇಕಂತ ಕಾರ್ಖಾನಿಯವರ ಹೇಳ್ಬೇಕು. ಎರಡ ತಿಂಗಳ ತಡಾ ಮಾಡಿದ್ರ ಕಬ್ಬ ಒಣಗಿ ತೂಕಾ ಕಮ್ಮಿ. ಹದಿನೈದ ನಿಮಿಷದ ನಗಿಗೆ ಯಾರ ಹೊಲಾ ಒಣಗಸ್ಕೋತಾರ?


ಚುರಮರಿ ಪೊಟ್ಣಾ

ಮೈಕ್ ಅಣ್ಣಾರ, ಇದನ್ನ ಓದಿ ಅಂಗಡ್ಯಾಗ ಒಂದ ಬಿಲ್ ತಪ್ಪ ಬರದೆ.

ನಾ ಇಷ್ಟ ದಿನ ಆ ಮಂದಿ ಅಂಜುಬುರುಕರು ಅಂದಕೊಂಡಿದ್ದೆ. ಕಬ್ಬ ನಂದಲ್ಲ, ಅದಕ್ಕ ನನಗ ಧೈರ್ಯ ಇತ್ತು. ಗುರ್ಲಾಪುರ ಕ್ರಾಸಿನ್ಯಾಗ 2025ರ ನವೆಂಬರ್‌ದಾಗ ದರಕ್ಕಂತ ರಸ್ತಾ ಮ್ಯಾಲ ಕುಂತವರೂ ಇಂಥಾ ಮಂದೀನ. ಅಂಥವರಿಗೆ ಅಂಜುಬುರುಕರು ಅಂದೆ.

ಅಕ್ಕಾರ, ನಿಮ್ಮ ಮಾತ ಕೇಳಿ ಜೋಕ್ ತಿದ್ದೀನಿ. ಹೇಣ್ತಿ ಹೋದಳು. ಈಗ ಹಿಂಗ ಐತಿ, ನೋಡ್ರಿ:

"ಡಾಕ್ಟರ್ ನನಗ ಅಂದ್ರು, ತೂಕಾ ಭಾಳಾಗೇತಿ, ಹತ್ತ ಕಿಲೋ ಇಳಸು. ಮೂರ ತಿಂಗಳ ಓಡಿದೆ, ಇಳೀಲಿಲ್ಲ. ನಮ್ಮ ಮಾವ ಕಾರ್ಖಾನಿ ಕಾಟಾಕ್ಕ ಕರಕೊಂಡ ಹೋದ. ನಿಂತೆ, ಇಳೀತು. ಚೀಟಿ ಹರದ ಡಾಕ್ಟರಿಗೆ ತೋರಿಸಿದೆ. ಡಾಕ್ಟರ್ ಚೀಟಿ ನೋಡಿ ಎದ್ದ ನಿಂತ ಅಂದ್ರು: ಇದು ಸಾಹುಕಾರ್ರ ಕಾಟಾ. ಕಾಟಾ ಖರೇ ಐತಿ, ನಿನ್ನ ಹೊಟ್ಟೀನ ಸುಳ್ಳ ಹೇಳಾಕತ್ತೈತಿ."


ಇಳಕಲ್ ಸೆರಗು

ಈಗ ನಕ್ಕೆ. ಡಾಕ್ಟರ್ ಎದ್ದ ನಿಂತಿದ್ದಕ್ಕ.


ಮುಳುಗಡೆ ಮನಿ

ಕಾಕಾಗ ಓದಿ ತೋರಿಸಿದೆ. "ಚೀಟಿಗೆ ಸಹಿ ಯಾರದು ಕೇಳು" ಅಂದ.


ನಿವೃತ್ತ ಮಾಸ್ತರ

ತಿದ್ದಿದ್ದು ಸರಿಯಾಗಿದೆ. "ಚೀಟಿ ಹರದ" ಎಂದರೆ ಬೆಂಗಳೂರಿನವರು ಹರಿದು ಎಸೆದೆ ಎಂದು ತಿಳಿದಾರು. ಇರಲಿ, ಅವರಿಗಾಗಿ ತಿದ್ದಬೇಡ.


ತಿಳಕವಾಡಿ ಹುಡುಗ

ಮುಂದಿನ ತಿಂಗಳ ಕಾಕಾನ ಹಾಲಿನ್ಯಾಗ ನಂದು, ಚುರಮರೀದು, ಕಾರ್ಯಕರ್ತ ಅಣ್ಣಾಂದು ಹತ್ತ ಹತ್ತ ನಿಮಿಷ ಇಡೋಣೇನು? ಖುರ್ಚಿ ಅರವತ್ತ ಅದಾವು, ಪ್ಲಾಸ್ಟಿಕ್ಕಿನವು. ಮುಂದಿನ ಸಾಲ ಯಾರಿಗೂ ರಿಸರ್ವ್ ಇಲ್ಲ.


ಕಟ್ಟರ್ ಕಾರ್ಯಕರ್ತ

ಗೋಳಗುಮ್ಮಟದ್ದು ಹೇಳ್ತೀನಿ. ವಿಡಿಯೋ ಮಾಡಬಾರದು. ಚುನಾವಣೆ ಆದ್ಮ್ಯಾಲ ಮಾಡಬಹುದು.


ಹಲೋ ಮೈಕ್ ಟೆಸ್ಟಿಂಗ್

ಅರವತ್ತ ಖುರ್ಚಿಗೆ ಎರಡ ಬಾಕ್ಸ್ ಸಾಕು. ಎಕೋ ಗುಂಡೀನ ಬಿಚ್ಚಿ ಮನ್ಯಾಗ ಇಟ್ಟ ಬರ್ತೀನಿ. ಅಡ್ವಾನ್ಸ್ ಐನೂರ ಹಾಕ್ರಿ. ಮತ್ತ ಚುರಮರಿ ಅಣ್ಣಾರ, ಕಾಟಾ ಜೋಕ್ ಎಷ್ಟನೇ ನಿಮಿಷಕ್ಕ ಬರ್ತೈತಿ ಮೊದಲ ಹೇಳ್ರಿ, ಆ ಹೊತ್ತಿಗೆ ಗಾಡಿ ಚಾಲೂ ಮಾಡಿ ಇಟ್ಟಿರ್ತೀನಿ.